ಟಪಾಲಕ್ಕನ ‘ತಲುಪಿದೆ’

ಮಣ್ಣು ಪರೀಕ್ಷೆ ಮಾಡುವ ಆ ಸಂಸ್ಥೆಯಲ್ಲಿ ಟಪಾಲಕ್ಕನಿಗೂ ಒಂದು ಹೆಸರಿತ್ತು. ಆದರೆ ಅದು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಆಕೆ ಟಪಾಲಕ್ಕ. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರಾದ ನಿರ್ದೇಶಕರೂ “ಸ್ವಲ್ಪ ಟಪಾಲಕ್ಕನ್ನ ಕರೀರಿ” ಎನ್ನುತ್ತಿದ್ದರು. ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆ ಅವಳದು. ಕುರ್ಚಿಯಿಂದ ಏಳುವಾಗ ತಲೆ ಬಗ್ಗಿಸದಿದ್ದರೆ ಬುರುಡೆ ಸಿಡಿಯುತ್ತಿತ್ತು. ಹೊಸಬರು ಬಂದರೆ ಮೊದಲು “ತಲೆ, ತಲೆ” ಎಂದು ಕೂಗಿ, ಆಮೇಲೆ “ಬನ್ನಿ” ಎನ್ನುವುದು ಅವಳ ವಾಡಿಕೆ.

ಆ ಕೋಣೆಯಲ್ಲಿ ಗೋಡೆ ತುಂಬ ಖಾನೆಗಳು, ಒಂದು ಮೇಜು, ಮೇಜಿನ ಮೇಲೆ ಇಂಕಿನ ಪ್ಯಾಡು, ಅದರ ಪಕ್ಕ ಮರದ ಹಿಡಿಯ ರಬ್ಬರ್ ಮುದ್ರೆ. ಮುದ್ರೆಯಲ್ಲಿ ‘ತಲುಪಿದೆ’ ಎಂಬ ಒಂದೇ ಪದ, ಕೆಳಗೆ ತಾರೀಖು. ಹಿಡಿ ಅವಳ ಅಂಗೈಗೆ ತಕ್ಕಂತೆ ಸವೆದು ಹೋಗಿತ್ತು. ಬೇರೆಯವರು ಹಿಡಿದರೆ ಅಕ್ಷರ ಸೊಟ್ಟಗೆ ಬೀಳುತ್ತಿತ್ತು. ಒಳಗೆ ಬಂದ ಕಾಗದ ಯಾವುದೇ ಇರಲಿ, ಅದಕ್ಕೆ ಮುದ್ರೆ ಒತ್ತಿ, ಕಳಿಸಿದವರಿಗೆ ‘ತಮ್ಮ ಪತ್ರ ತಲುಪಿದೆ’ ಎಂದು ಒಂದು ಸಾಲು ಬರೆದು ಹಾಕುವುದು ಅವಳ ಕೆಲಸ. ನಿಯಮ ಹಾಗೆಂದು ಹೇಳುತ್ತಿತ್ತು. ನಿಯಮ ಇನ್ನೂ ಏನೇನೋ ಹೇಳುತ್ತಿತ್ತು, ಅದನ್ನೆಲ್ಲ ಸಂಸ್ಥೆಯವರು ಗಾಳಿಗೆ ತೂರಿದ್ದರು. ಇದೊಂದನ್ನು ಮಾತ್ರ ಟಪಾಲಕ್ಕ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಳು.

“ತಲುಪಿತು ಅಂತ ಹೇಳದಿದ್ರೆ ಅದು ತಲುಪಿದ ಹಾಗೇ ಅಲ್ಲ” ಎನ್ನುತ್ತಿದ್ದಳು. “ಕಳಿಸಿದವರ ಜೀವ ಅಲ್ಲೇ ಅಂಚೆ ಡಬ್ಬದ ಬಾಯಲ್ಲಿ ನೇತಾಡ್ತಾ ಇರತ್ತೆ.”

ಈ ನಿಷ್ಠೆ ಒಮ್ಮೆ ಅತಿಗೆ ಹೋದದ್ದೂ ಉಂಟು. ಯಾವುದೋ ಕಚೇರಿಯವರು ‘ತಾವು ಕಳಿಸಿದ ಸ್ವೀಕೃತಿ ತಲುಪಿದೆ, ವಂದನೆಗಳು’ ಎಂದು ಬರೆದರು. ಅದೂ ಒಂದು ಪತ್ರವೇ ತಾನೆ? ಟಪಾಲಕ್ಕ ಅದಕ್ಕೂ ಸ್ವೀಕೃತಿ ಕಳಿಸಿದಳು. ಆ ಕಡೆಯವರೂ ಇವಳ ಜಾತಿಯವರೇ ಇರಬೇಕು, ಬಿಡಲಿಲ್ಲ. ಎರಡು ಕಚೇರಿಗಳ ನಡುವೆ ‘ತಲುಪಿದೆ’ಗಳು ಹೋಗಿ ಬಂದು, ಹೋಗಿ ಬಂದು, ಕೊನೆಗೆ ಆ ಕಡೆಯವರಿಗೆ ವರ್ಗವಾದಾಗ ನಿಂತಿತು. ಸಂಸ್ಥೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟಪಾಲಕ್ಕನಿಗೆ ಮಾತ್ರ ಗೆಳತಿಯೊಬ್ಬಳು ಊರು ಬಿಟ್ಟಷ್ಟು ಬೇಸರವಾಯಿತು.

ಮನೆಯಲ್ಲಿ ಅವಳಿಗೆ ಇದ್ದವಳು ತಂಗಿ. ಚಿಕ್ಕಂದಿನಲ್ಲಿ ಜ್ವರ ಬಂದು ತಂಗಿಯ ಒಂದು ಕಾಲು ಸೋತಿತ್ತು. ಆದರೆ ಬಾಯಿ ಗಟ್ಟಿ, ಕೈ ಇನ್ನೂ ಗಟ್ಟಿ. ಅಮ್ಮ ಬಿಟ್ಟುಹೋದ ಕಾಲುಚೀಲ ಹೆಣೆಯುವ ಕೈಯಂತ್ರ ಅವಳದು. ಮೇಜಿನ ಅಂಚಿಗೆ ಬಿಗಿದ ಕಬ್ಬಿಣದ ಸಣ್ಣ ಉರುಳೆ, ಅದರ ಸುತ್ತ ಸಾಲಾಗಿ ನಿಂತ ಸೂಜಿಗಳು. ಹಿಡಿ ತಿರುಗಿಸಿದರೆ ಗರಗರ ಎಂದು ಸೂಜಿಗಳು ಒಂದರ ಹಿಂದೊಂದು ತಲೆ ಎತ್ತಿ ತಗ್ಗಿಸಿ, ಕೆಳಗಿನಿಂದ ಕಾಲುಚೀಲ ಕೊಳವೆಯಾಗಿ ಇಳಿದು ಬರುತ್ತಿತ್ತು. ಬೀದಿಯ ಅರ್ಧ ಮಕ್ಕಳ ಕಾಲಲ್ಲಿ ಅವಳ ಕೈಯ ಕಾಲುಚೀಲ. ಟಪಾಲಕ್ಕ ಸಂಜೆ ಗಲ್ಲಿಯ ತಿರುವಿಗೆ ಬರುವಾಗಲೇ ಆ ಗರಗರ ಕೇಳಿಸುತ್ತಿತ್ತು, ಕೇಳಿಸಿದರೆ ಮನೆ ಬಂತು ಎಂದು ಅರ್ಥ.

ಆ ವರ್ಷ ಅವರು ಮಹಡಿ ಮನೆ ಬಿಟ್ಟು, ತಂಗಿಗೆ ಮೆಟ್ಟಿಲು ತಪ್ಪಲಿ ಎಂದು, ಮರಗೆಲಸದ ಅಂಗಡಿಯ ಹಿಂದಿನ ನೆಲದ ಮನೆಗೆ ಬಂದರು. ಸಾಮಾನು ಸಾಗಿಸಲು ಅಣ್ಣ ಬಂದಿದ್ದ. ಅಣ್ಣನಿಗೆ ಯಾವ ವಸ್ತುವನ್ನಾದರೂ ಬಿಚ್ಚುವುದರಲ್ಲಿ ಎತ್ತಿದ ಕೈ; ಜೋಡಿಸುವುದು ಬೇರೆ ವಿಷಯ. ಯಂತ್ರವನ್ನು ಬಿಚ್ಚಿ ಬಕೆಟ್ಟಿನಲ್ಲಿ ತುಂಬಿ ತಂದು, ಹೊಸ ಮನೆಯಲ್ಲಿ ಜೋಡಿಸಿ, “ನೋಡು, ಮೊದಲಿಗಿಂತ ಚೆನ್ನಾಗಿದೆ” ಎಂದು ಕೈ ಒರೆಸಿಕೊಂಡ. ಆವತ್ತಿನಿಂದ ಯಂತ್ರ ಮುನಿಸಿಕೊಂಡಿತು. ಕೊಳವೆ ಸರಿಯಾಗಿ ಬರುತ್ತಿತ್ತು, ಹಿಮ್ಮಡಿ ಬರುತ್ತಿರಲಿಲ್ಲ. ಹಿಮ್ಮಡಿ ಹೆಣೆಯುವಾಗ ಹಿಡಿಯನ್ನು ಸುತ್ತ ತಿರುಗಿಸುವುದಲ್ಲ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಆಡಿಸಬೇಕು. ಹಿಂದಕ್ಕೆ ಆಡಿಸಿದ ತಕ್ಷಣ ಕುಣಿಕೆಗಳು ಜಾರಿ ತೂತು ಬೀಳುತ್ತಿತ್ತು. ರಿಪೇರಿಯವರು ನೋಡಿ ಇಂಥದ್ದನ್ನು ನಾವು ಕಂಡೇ ಇಲ್ಲ ಎಂದರು. ಮಾಡಿದ ಕಂಪನಿ ಅಮ್ಮನ ಕಾಲಕ್ಕೇ ಬಾಗಿಲು ಹಾಕಿತ್ತು.

ತಂಗಿ ಕೆಲವು ವಾರ ಬಡಿದಾಡಿದಳು. ಆಮೇಲೆ ಯಂತ್ರದ ಮೇಲೆ ಒಂದು ಬಟ್ಟೆ ಮುಚ್ಚಿ ಸುಮ್ಮನಾದಳು.

“ಅಣ್ಣ ಬಾ ಅಂತಿದ್ದಾನೆ” ಎಂದಳು ಒಂದು ದಿನ, ಅಕ್ಕನ ಮುಖ ನೋಡದೆ. “ಅತ್ತಿಗೆ ಕೆಲಸಕ್ಕೆ ಹೋಗ್ತಾಳೆ, ಮಕ್ಕಳನ್ನ ನೋಡ್ಕೊಳ್ಳೋಕೆ ಜನ ಬೇಕಂತೆ. ತಿಂಗಳ ಕೊನೇಲಿ ಬಂದು ಕರ್ಕೊಂಡು ಹೋಗ್ತಾನೆ. ಇದನ್ನ ಗುಜರಿಗೆ ಹಾಕ್ತಾನಂತೆ.”

“ನಿನಗೆ ಹೋಗೋಕೆ ಇಷ್ಟಾನಾ?”

“ಇಷ್ಟ ಕಟ್ಕೊಂಡು ಏನು ಮಾಡ್ಲಿ? ನಿನ್ನ ತಲೆ ಮೇಲೆ ಕೂತು ಉಣ್ಣೋಕೆ ನಾನೇನು ಕೂಸಾ?”

ಟಪಾಲಕ್ಕನ ಕಣ್ಣ ಮುಂದೆ ಬರಲಿರುವ ದಿನಗಳು ಸುಳಿದವು. ಗರಗರ ಇಲ್ಲದ ಗಲ್ಲಿ, ದೀಪ ಹಚ್ಚದ ಮನೆ, ಒಂದೇ ತಟ್ಟೆ.

ಇದೇ ಹೊತ್ತಿಗೆ ಸಂಸ್ಥೆಗೆ ಕಂಪ್ಯೂಟರ್ ಜಾಲ ಬಂತು. ಮಹಡಿಯ ಕೊನೆಯ ಕೋಣೆಗೆ ತಂಪು ಯಂತ್ರ ಕೂರಿಸಿ, ಅದರೊಳಗೆ ಕಂಪ್ಯೂಟರ್ ಕೂರಿಸಿ, ಎರಡನ್ನೂ ಕಾಯಲು ಒಬ್ಬ ಮೇಷ್ಟ್ರನ್ನು ಕೂರಿಸಿದರು. ಆ ಚಳಿಗೆ ವರ್ಷಪೂರ್ತಿ ಸ್ವೆಟರ್ ಹಾಕಿಕೊಂಡಿರುತ್ತಿದ್ದ ಅವರು ಸಹಜವಾಗಿ ಸ್ವೆಟರ್ ಮೇಷ್ಟ್ರಾದರು. ಯಂತ್ರ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಟೆಲಿಫೋನ್ ತಂತಿಯಲ್ಲಿ ದೊಡ್ಡ ಊರಿನ ಇನ್ನೊಂದು ಯಂತ್ರಕ್ಕೆ ಫೋನ್ ಮಾಡಿ, ಕೀ ಎಂದು ಕಿರುಚಿ, ಇಲ್ಲಿನ ಪತ್ರ ಅಲ್ಲಿಗೆ ಕೊಟ್ಟು ಅಲ್ಲಿನ ಪತ್ರ ಇಲ್ಲಿಗೆ ತರುತ್ತಿತ್ತು. ನಿರ್ದೇಶಕರು ಯೋಚಿಸಿದರು: ಪತ್ರ ಎಂದ ಮೇಲೆ ಅದು ಟಪಾಲು. ಟಪಾಲು ಎಂದ ಮೇಲೆ ಮುದ್ರೆ ಬೀಳಬೇಕು. ಹಾಗಾಗಿ ಕಂಪ್ಯೂಟರಿನಲ್ಲಿ ಬಂದದ್ದನ್ನೆಲ್ಲ ಕಾಗದದ ಮೇಲೆ ಅಚ್ಚು ತೆಗೆದು, ಮುದ್ರೆ ಒತ್ತಿ, ಹಂಚತಕ್ಕದ್ದು ಎಂದು ಆಜ್ಞೆಯಾಯಿತು. ಟಪಾಲಕ್ಕ ದಿನಾ ಬೆಳಿಗ್ಗೆ ಶಾಲು ಹೊದ್ದುಕೊಂಡು ಮಹಡಿ ಹತ್ತತೊಡಗಿದಳು.

ಮೊದಲ ದಿನ ಅಚ್ಚಾಗಿ ಬಂದ ಕಾಗದದ ನೆತ್ತಿಯಲ್ಲಿ ಏಳೆಂಟು ಸಾಲು ಚುಕ್ಕೆ, ಅಂಕಿ, ಅರ್ಥವಾಗದ ಹೆಸರು.

“ಆ ಕಸ ಬಿಡಿ, ಕೆಳಗಡೆ ಪತ್ರ ಇದೆ” ಎಂದರು ಸ್ವೆಟರ್ ಮೇಷ್ಟ್ರು.

ಟಪಾಲಕ್ಕ ಬಿಡಲಿಲ್ಲ. ಇಂಗ್ಲಿಷಿನಲ್ಲಿದ್ದ ಆ ಸಾಲುಗಳು ಎಲ್ಲವೂ ಒಂದೇ ಪದದಿಂದ ಶುರುವಾಗುತ್ತಿದ್ದವು. ಅವಳು ಕನ್ನಡಕ ಮೇಲಕ್ಕೇರಿಸಿ ನೋಡಿದಳು. ಇನ್ನೊಮ್ಮೆ ನೋಡಿದಳು. ‘ತಲುಪಿದೆ.’ ‘ತಲುಪಿದೆ.’ ‘ತಲುಪಿದೆ.’ ಪಕ್ಕದಲ್ಲಿ ತಾರೀಖು, ಗಂಟೆ, ನಿಮಿಷ.

“ಸರ್, ಇದೇನಿದು?”

“ಪತ್ರ ಒಂದೇ ಏಟಿಗೆ ಬರಲ್ಲ ಟಪಾಲಕ್ಕ. ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕೈ ದಾಟಿ ಬರತ್ತೆ. ಪ್ರತಿ ಯಂತ್ರವೂ ನನಗೆ ತಲುಪಿದೆ ಅಂತ ಒಂದು ಸಾಲು ಬರೆದು ಮುಂದಕ್ಕೆ ಕಳಿಸತ್ತೆ. ಕೆಳಗಿನಿಂದ ಮೇಲಕ್ಕೆ ಓದಿದ್ರೆ ಬಂದ ದಾರಿ ಗೊತ್ತಾಗತ್ತೆ.”

ಟಪಾಲಕ್ಕ ಕೆಳಗಿನಿಂದ ಮೇಲಕ್ಕೆ ಓದಿದಳು. ಯಾವುದೋ ಸಮುದ್ರದಾಚೆಯ ಊರಲ್ಲಿ ಮುಸ್ಸಂಜೆ ಹೊರಟ ಪತ್ರ ಒಂದು ಯಂತ್ರದ ಬಳಿ ನಿಂತು ಮುದ್ರೆ ಒತ್ತಿಸಿಕೊಂಡಿತ್ತು, ಇನ್ನೊಂದರ ಬಳಿ ಮತ್ತೊಂದು, ಕೊನೆಗೆ ಈ ಕೋಣೆಯದು. ಯಾರೂ ನೋಡದಿದ್ದರೂ, ಯಾರೂ ಕೇಳದಿದ್ದರೂ, ದಾರಿಯುದ್ದಕ್ಕೂ ಒಂದೂ ಬಿಡದೆ ಎಲ್ಲರೂ ತಲುಪಿದೆ ಎಂದು ಹೇಳಿದ್ದರು. ಇಷ್ಟು ವರ್ಷ ಮೆಟ್ಟಿಲ ಕೆಳಗೆ ಕೂತು, ನಗುವವರ ನಡುವೆ ತಾನೊಬ್ಬಳೇ ಮಾಡುತ್ತಿದ್ದೇನೆ ಎಂದುಕೊಂಡ ಕೆಲಸವನ್ನು ಜಗತ್ತಿನ ತುಂಬ ಯಂತ್ರಗಳು ಮಾಡುತ್ತಿದ್ದವು. ಅವಳ ಮೈ ಜುಮ್ಮೆಂದಿತು. ಕಣ್ಣು ತುಂಬಿ ಬಂತು. ಸ್ವೆಟರ್ ಮೇಷ್ಟ್ರು ಅದನ್ನು ಚಳಿಗೆ ಎಂದುಕೊಂಡು ತಂಪು ಸ್ವಲ್ಪ ಕಡಿಮೆ ಮಾಡಿದರು.

ಒಂದೇ ಆಸಕ್ತಿಯವರು ಸೇರಿಕೊಂಡು ಕಂಪ್ಯೂಟರಿನಲ್ಲಿ ಪತ್ರ ಬರೆಯುವ ‘ಪಟ್ಟಿ’ಗಳ ವಿಷಯ ಅವಳಿಗೆ ಹೇಳಿದವರೂ ಅವರೇ. ಒಂದು ದಿನ ಅವಳ ಬಾಡಿದ ಮುಖ ನೋಡಿ ಏನೆಂದು ಕೇಳಿದರು. ತಂಗಿಯ ಯಂತ್ರದ ಕಥೆ ಹೊರಗೆ ಬಂತು.

“ಅದಕ್ಕೂ ಒಂದು ಪಟ್ಟಿ ಇರಬೇಕು, ತಾಳಿ” ಎಂದು ಅವರು ಕಪಾಟಿನಿಂದ ಒಂದು ಕಟ್ಟು ಕಾಗದ ತೆಗೆದರು. ಅದು ಪಟ್ಟಿಗಳದೇ ಒಂದು ಪಟ್ಟಿ. ಜೇನು ಸಾಕುವವರದು, ಹಳೇ ಗಡಿಯಾರದವರದು, ಮೀಸೆ ಬಿಡುವವರದು ಕೂಡ. “ಒಂದೇ ವಿಷಯದ ಮೇಲೆ ಆಸೆ ಇರೋರು ಜಗತ್ತಲ್ಲಿ ಎಲ್ಲೆಲ್ಲೋ ಇರ್ತಾರೆ. ಒಂದು ವಿಳಾಸಕ್ಕೆ ಸೇರಿಸಿಕೊಳ್ಳಿ ಅಂತ ಒಂದು ಸಾಲು ಬರೆದು ಹಾಕಿ, ಯಂತ್ರ ಸೇರಿಸಿಕೊಳ್ಳತ್ತೆ. ಆಮೇಲೆ ಇನ್ನೊಂದು ವಿಳಾಸಕ್ಕೆ ನಿಮ್ಮ ಪತ್ರ ಬರೀರಿ. ಎರಡನ್ನೂ ಗೊಂದಲ ಮಾಡ್ಕೋಬೇಡಿ, ಅಷ್ಟೇ. ಹಾಂ, ಇಲ್ಲಿ ನೋಡಿ! ಕೈ ಹೆಣಿಗೆ ಯಂತ್ರದವರು.”

ಟಪಾಲಕ್ಕ ಗೊಂದಲ ಮಾಡಿಕೊಳ್ಳಲಿಲ್ಲ. ಅವಳಿಗೆ ಅದು ಬಹಳ ಸ್ಪಷ್ಟವಾಗಿಯೇ ಅರ್ಥವಾಯಿತು, ತಪ್ಪಾಗಿ. ಮೊದಲ ವಿಳಾಸ ಬಾಗಿಲು ಕಾಯುವವನದು. ಎರಡನೆಯದು ಒಳಗಿನ ಟಪಾಲು ವಿಭಾಗದ್ದು. ಅಲ್ಲಿ ತನ್ನಂಥವಳೇ ಒಬ್ಬಳು ಹೆಂಗಸು ಕೂತು, ಬಂದ ಪತ್ರ ಓದಿ, ಯಾರಿಗೆ ಬೇಕೋ ಅವರಿಗೆ ಹಂಚುತ್ತಾಳೆ. ಇಷ್ಟು ಜನರ ಪತ್ರ ಬಂದು ಹೋಗುವ ಜಾಗದಲ್ಲಿ ಅಂಥವಳೊಬ್ಬಳು ಇಲ್ಲದೆ ಹೇಗೆ ನಡೆದೀತು?

ತಂಗಿಯ ಯಂತ್ರದ ಬಗ್ಗೆ ಅವಳು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ಕಚೇರಿಯ ಇಂಗ್ಲಿಷಿನಲ್ಲಿ, ಬರೆದಳು. ‘ವಿಷಯ: ಯಂತ್ರದ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ’ ಎಂದು ಶುರುವಾದ ಪತ್ರ ‘ಶೀಘ್ರ ಉತ್ತರವನ್ನು ನಿರೀಕ್ಷಿಸಲಾಗಿದೆ’ ಎಂದು ಮುಗಿಯಿತು. ಯಾವುದೋ ಸರ್ಕಾರಿ ನೋಟೀಸು ದಾರಿ ತಪ್ಪಿ ಬಂದಿದೆ ಎಂದುಕೊಂಡು ಪಟ್ಟಿಯವರು ಅದನ್ನು ದಾಟಿ ಮುಂದೆ ಹೋದರು. ಉತ್ತರ ಬರಲಿಲ್ಲ.

ಆದರೆ ಬೇರೆಯವರ ಪತ್ರಗಳು ಬಂದವು. ದಿನಾ ಬೆಳಿಗ್ಗೆ ಒಂದು ಕಂತೆ. ಒಬ್ಬರು ಹಳೇ ಸೂಜಿಗೆ ತುಕ್ಕು ಬಿಡಿಸುವ ಬಗೆ ಬರೆದರೆ, ಇನ್ನೊಬ್ಬರು ಮೊಮ್ಮಗನಿಗೆ ಹೆಣೆದ ಟೋಪಿಯ ಬಗ್ಗೆ ಬರೆದರು. ಇವರೆಲ್ಲ ತನಗೆ, ಮೆಟ್ಟಿಲ ಕೆಳಗಿನ ತನಗೆ, ಬರೆಯುತ್ತಿದ್ದಾರೆ! ಟಪಾಲಕ್ಕ ಉಬ್ಬಿಹೋದಳು. ಪತ್ರ ಬಂದ ಮೇಲೆ ಸುಮ್ಮನಿರುವುದುಂಟೆ? ಪ್ರತಿಯೊಂದಕ್ಕೂ ‘ತಲುಪಿದೆ, ವಂದನೆಗಳು’ ಎಂದು ಉತ್ತರ ಬರೆದಳು. ಬರೆದದ್ದು ಆ ಕಡೆಯ ಟಪಾಲಿನವಳ ಕೈಗೆ ಹೋಗುತ್ತದೆ ಎಂಬ ನಂಬಿಕೆಯಿಂದ ಕೊನೆಯಲ್ಲಿ ಎರಡು ಮಾತು ಸೇರಿಸತೊಡಗಿದಳು. ‘ಅಲ್ಲಿ ನಿಮಗೂ ಬೆನ್ನು ನೋವು ಇದೆಯೇ? ನನಗೆ ಈ ಕುರ್ಚಿಯಿಂದ ಬಂತು.’ ‘ನಮ್ಮ ಅಣ್ಣ ಒಳ್ಳೆಯವನೇ, ಸ್ಕ್ರೂ ಡ್ರೈವರ್ ಕೈಗೆ ಸಿಗಬಾರದು ಅಷ್ಟೇ.’ ‘ಇಲ್ಲಿಯ ಕಂಪ್ಯೂಟರ್ ಮೇಷ್ಟ್ರು ಊಟವಾದ ಮೇಲೆ ಯಂತ್ರದ ಹಿಂದೆ ನಿದ್ದೆ ಮಾಡುತ್ತಾರೆ. ಗೊರಕೆ ಯಾವುದು, ಯಂತ್ರದ ಕಿರುಚಾಟ ಯಾವುದು ಎಂದು ತಿಳಿಯುವುದಿಲ್ಲ. ಯಾರಿಗೂ ಹೇಳಬೇಡಿ.’

ತಿಂಗಳು ಮುಗಿಯುತ್ತ ಬಂತು. ತಂಗಿ ತನ್ನ ಬಟ್ಟೆ ಪೆಟ್ಟಿಗೆಗೆ ತುಂಬಿದ್ದಳು. ಆ ಬೆಳಿಗ್ಗೆ ಒಂದು ಪತ್ರ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸಕ್ಕೆ ಬಂದಿತ್ತು. ಕಂಪ್ಯೂಟರ್ ಜಾಲದಲ್ಲಿ ಪೋಸ್ಟ್‌ಮಾಸ್ಟರ್ ಎಂದರೆ ಯಂತ್ರ ನೋಡಿಕೊಳ್ಳುವವರು, ಅಂದರೆ ಸ್ವೆಟರ್ ಮೇಷ್ಟ್ರು. ಟಪಾಲಕ್ಕ ಎಂದಿನಂತೆ ಅಚ್ಚು ತೆಗೆದಳು, ಮುದ್ರೆ ಒತ್ತಿದಳು, ಒತ್ತಿದ ಮೇಲೆ ಓದಿದಳು. ಪಟ್ಟಿಯ ಯಜಮಾನ ಬರೆದಿದ್ದ. ‘ನಿಮ್ಮಲ್ಲಿಯ ಒಬ್ಬ ಹೆಂಗಸು ಪ್ರತಿ ಪತ್ರಕ್ಕೂ ತಲುಪಿದೆ ಎಂದು ಉತ್ತರಿಸುತ್ತಿದ್ದಾರೆ. ಅದು ಪ್ರತಿ ಸಲವೂ ಪಟ್ಟಿಯ ನೂರಾರು ಜನಕ್ಕೆ ಹೋಗುತ್ತಿದೆ. ಅನೇಕರು ದೂರಿದ್ದಾರೆ. ಇನ್ನೊಂದು ಬಂದರೆ ಅವರನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ.’

ಬೇರೆ ಯಾರಾದರೂ ಆಗಿದ್ದರೆ ಆ ಕಾಗದ ಕಸದ ಬುಟ್ಟಿ ಸೇರುತ್ತಿತ್ತು. ಟಪಾಲಕ್ಕ ತನ್ನ ಮೇಲಿನ ದೂರಿಗೆ ತಾನೇ ಮುದ್ರೆ ಒತ್ತಿದ್ದನ್ನು ತಾನೇ ತೆಗೆದುಕೊಂಡು ಹೋಗಿ ಮೇಷ್ಟ್ರ ಮೇಜಿನ ಮೇಲಿಟ್ಟಳು.

ಸ್ವೆಟರ್ ಮೇಷ್ಟ್ರು ಓದಿದರು. ಆಮೇಲೆ ಯಂತ್ರದಲ್ಲಿ ಹಳೆಯ ಪತ್ರಗಳನ್ನು ತೆಗೆದು ಅವನ್ನೂ ಓದಿದರು. ಒಂದರ ಬಳಿ ಬಹಳ ಹೊತ್ತು ನಿಂತರು.

“ನನ್ನ ಗೊರಕೆ” ಎಂದರು ನಿಧಾನವಾಗಿ, “ಈಗ ಐದು ಖಂಡಕ್ಕೆ ಗೊತ್ತು.”

“ನಾನು ಅಲ್ಲಿಯ ಟಪಾಲಿನವಳಿಗೆ ಮಾತ್ರ...”

“ಅಲ್ಲಿ ಯಾರೂ ಇಲ್ಲ ಟಪಾಲಕ್ಕ! ಅದೊಂದು ಯಂತ್ರ. ಒಂದು ಪತ್ರ ಬಿದ್ರೆ ಎಷ್ಟು ಜನ ಇದ್ದಾರೋ ಅಷ್ಟು ನಕಲು ಮಾಡಿ ಎಲ್ಲರ ಮನೆಗೂ ಹಾಕತ್ತೆ.”

“ಎಲ್ಲರಿಗೂ ಅಂದ್ರೆ?”

“ಎಲ್ಲರಿಗೂ ಅಂದ್ರೆ ಎಲ್ಲರಿಗೂ.”

ಟಪಾಲಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತನ್ನ ಬೆನ್ನು ನೋವು, ಅಣ್ಣನ ಸ್ಕ್ರೂ ಡ್ರೈವರ್, ಎಲ್ಲ ಬೀದಿಗೆ ಬಿದ್ದಿತ್ತು, ಅದೂ ಯಾವ ಬೀದಿಗೆ! ಆದರೆ ನಾಚಿಕೆಯ ಅಡಿಯಿಂದ ಇನ್ನೊಂದು ಭಾವ ಮೆಲ್ಲನೆ ಮೇಲೆದ್ದು ಬಂತು, ಅದು ನಾಚಿಕೆಗಿಂತ ದೊಡ್ಡದಾಗಿತ್ತು. ಈ ಚಳಿ ಕೋಣೆಯಲ್ಲಿ ಕೂತು ತಾನು ಒತ್ತಿದ ಅಕ್ಷರ ನೂರಾರು ಮನೆಗಳಲ್ಲಿ ಒಟ್ಟಿಗೆ ಕಾಣಿಸಿಕೊಂಡಿತ್ತು. ಎಲ್ಲೋ ಬೆಳಗಾಗುತ್ತಿದ್ದ ಮನೆ, ಎಲ್ಲೋ ದೀಪ ಆರಿಸುತ್ತಿದ್ದ ಮನೆ. ಯಾವ ರಾಜನ ಡಂಗುರ ಅಷ್ಟು ದೂರ ಕೇಳಿಸೀತು? ಅಂಥ ಬಾಯಿ ಸಿಕ್ಕಾಗ ತಾನು ಆಡಿದ್ದು ಗೊರಕೆಯ ಮಾತು. ಅಷ್ಟು ಜನರಿಗೆ ತಂಗಿಯ ಯಂತ್ರದ ಪತ್ರವೂ ಹೋಗಿತ್ತು, ಅಷ್ಟು ಜನರಲ್ಲಿ ಒಬ್ಬರೂ ಉತ್ತರಿಸಿರಲಿಲ್ಲ. ಇನ್ನು ಪಟ್ಟಿಯಿಂದ ಹೆಸರು ತೆಗೆದರೆ ಆ ಬಾಗಿಲೂ ಮುಚ್ಚಿತು.

“ಒಂದೇ ಒಂದು ಪತ್ರ ಬರೀಲಾ ಸರ್? ತಪ್ಪಾಯ್ತು ಅಂತ.”

ಮೇಷ್ಟ್ರಿಗೆ ಗೊರಕೆಯ ವಿಷಯದಲ್ಲಿ ಸಿಟ್ಟು ಬಂದಿತ್ತು, ಸುಳ್ಳಲ್ಲ. ಆದರೆ ಅವರ ಮನಸ್ಸೂ ಸ್ವೆಟರಿನಂತೆ ಬೆಚ್ಚಗಿತ್ತು. “ಬರೀರಿ. ಉತ್ತರ ಬೇಕಿದ್ರೆ ನಿಮ್ಮೊಬ್ಬರ ವಿಳಾಸಕ್ಕೆ ಕಳಿಸಿ ಅಂತ ಕೊನೇಲಿ ಹಾಕಿ. ಪಟ್ಟಿಗೆ ಕಳಿಸಿದ್ರೆ ಯಜಮಾನ ನಮ್ಮಿಬ್ಬರನ್ನೂ ಹೊರಗೆ ಹಾಕ್ತಾನೆ.”

ಈ ಸಲ ‘ಮೇಲ್ಕಂಡ ವಿಷಯ’ ಕೈಗೆ ಬರಲಿಲ್ಲ. ನಾಚಿಕೆಯಾದಾಗ ಮನುಷ್ಯರು ನೇರವಾಗಿ ಮಾತಾಡುತ್ತಾರೆ, ಅವಳೂ ಹಾಗೇ ಬರೆದಳು.

‘ನನ್ನಿಂದ ತೊಂದರೆಯಾಯಿತು, ಕ್ಷಮಿಸಿ. ನಾನು ಟಪಾಲು ನೋಡಿಕೊಳ್ಳುವವಳು. ಪತ್ರ ತಲುಪಿದವರು ತಲುಪಿತು ಎನ್ನಬೇಕು, ನನಗೆ ಗೊತ್ತಿರುವುದು ಅಷ್ಟೇ. ಪ್ರತಿ ಪತ್ರದ ತಲೆಯ ಮೇಲೆ ದಾರಿಯ ಯಂತ್ರಗಳೆಲ್ಲ ತಲುಪಿದೆ ಎಂದು ಬರೆದಿರುವುದನ್ನು ನೀವು ನೋಡಿದ್ದೀರಾ? ನಾನು ನೋಡಿ ಬೆರಗಾದೆ. ಯಂತ್ರಗಳು ಎಲ್ಲ ಹೇಳಿ ಮುಗಿಸಿದ ಮೇಲೆ ಕೊನೆಯಲ್ಲಿ ಒಬ್ಬ ಮನುಷ್ಯನೂ ಹೇಳಬೇಕಲ್ಲ ಎಂದುಕೊಂಡೆ. ನನ್ನ ತಂಗಿ ಕಾಲುಚೀಲ ಹೆಣೆಯುತ್ತಾಳೆ. ಮನೆ ಬದಲಾಯಿಸಿದ ಮೇಲೆ ಅವಳ ಯಂತ್ರದಲ್ಲಿ ಹಿಮ್ಮಡಿ ಬರುತ್ತಿಲ್ಲ. ಹಿಡಿಯನ್ನು ಹಿಂದಕ್ಕೆ ತಿರುಗಿಸಿದಾಗ ಕುಣಿಕೆ ಜಾರುತ್ತದೆ. ಅದು ಸರಿಯಾಗದಿದ್ದರೆ ಅವಳು ಈ ಭಾನುವಾರ ಮನೆ ಬಿಟ್ಟು ಹೋಗುತ್ತಾಳೆ. ಇದನ್ನು ಮೊದಲೇ ಬರೆದಿದ್ದೆ, ತಲುಪಿತೋ ಇಲ್ಲವೋ ತಿಳಿಯಲಿಲ್ಲ. ನಿಮ್ಮಿಂದ ಉತ್ತರ ಬೇಡ. ತಲುಪಿದ್ದರೆ ತಲುಪಿತು ಎಂಬ ಒಂದು ಪದ ಕೆಳಗಿನ ವಿಳಾಸಕ್ಕೆ, ನನಗೊಬ್ಬಳಿಗೆ, ಬರೆಯಿರಿ. ಇನ್ನು ಮೇಲೆ ಪಟ್ಟಿಗೆ ನಾನು ಬರೆಯುವುದಿಲ್ಲ.’

ಮಧ್ಯಾಹ್ನದ ಕಿರುಚಾಟದಲ್ಲಿ ಪತ್ರ ಹೊರಟುಹೋಯಿತು.

ಮರುದಿನ ಬೆಳಿಗ್ಗೆ ಯಂತ್ರ ಫೋನ್ ಮಾಡಿತು, ಕಿರುಚಿತು, ಸಂಪರ್ಕ ಸಿಕ್ಕಿತು. ಎಂದಿನಂತೆ ನಾಲ್ಕಾರು ನಿಮಿಷಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪರದೆಯ ಮೂಲೆಯಲ್ಲಿ ಬಂದ ಪತ್ರ ಎಣಿಸುವ ಹಸಿರು ಅಂಕಿ ಏರುತ್ತಲೇ ಹೋಯಿತು. ಸ್ವೆಟರ್ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದರು.

“ಏನ್ರೀ ಇದು, ಊರಿಗೆ ಊರೇ ಎದ್ದು ಬರ್ತಾ ಇದೆ!”

ಪ್ರಿಂಟರ್ ಕಟಕಟ ಎಂದು ಶುರುಮಾಡಿ ನಿಲ್ಲಲೇ ಇಲ್ಲ. ಮಡಿಕೆ ಮಡಿಕೆಯಾಗಿ ಕಾಗದ ಹೊರಗೆ ಬಂದು ಮೇಜಿನಿಂದ ಇಳಿದು ನೆಲದ ಮೇಲೆ ಹರಡಿತು. ಟಪಾಲಕ್ಕ ಬಗ್ಗಿ ಮೊದಲನೆಯದನ್ನು ಎತ್ತಿಕೊಂಡಳು. ತಲೆಯ ಮೇಲೆ ಯಂತ್ರಗಳ ಸಾಲು ಸಾಲು ತಲುಪಿದೆ, ಅದರ ಕೆಳಗೆ, ಯಾರದೋ ಬೆರಳಿನ ಒಂದೇ ಪದ. ‘ತಲುಪಿತು.’ ಎರಡನೆಯದು, ‘ತಲುಪಿತು.’ ಮೂರನೆಯದು, ‘ತಲುಪಿತು, ನಿಮ್ಮ ಮೇಷ್ಟ್ರ ಗೊರಕೆಗೆ ನಮಸ್ಕಾರ.’ ಒಬ್ಬರು ಹಿಮದಲ್ಲಿ ಹೂತ ಹವಾಮಾನ ಠಾಣೆಯಿಂದ ಬರೆದಿದ್ದರು, ಇಲ್ಲಿ ಯಂತ್ರವೂ ಇಲ್ಲ ನೂಲೂ ಇಲ್ಲ, ಓದಲು ಸೇರಿದೆ, ತಲುಪಿತು. ಇನ್ನೊಬ್ಬರು ಬರೆದಿದ್ದರು, ಪಟ್ಟಿಗೆ ಸೇರಿದ್ದವಳು ನನ್ನ ಹೆಂಡತಿ, ಅವಳು ಹೋದ ಮೇಲೂ ಅವಳ ಹೆಸರಿಗೆ ಬರುವ ಪತ್ರ ನಿಲ್ಲಿಸಲು ಮನಸ್ಸಾಗಲಿಲ್ಲ, ತಲುಪಿತು. ಪಟ್ಟಿಯ ಯಜಮಾನನದೂ ಇತ್ತು. ‘ತಲುಪಿತು. ಕೋಪ ಇನ್ನೂ ಸ್ವಲ್ಪ ಉಳಿದಿದೆ.’

ಬಿಳಿ ಕಾಗದ ಮುಗಿದು, ಮೇಷ್ಟ್ರು ಒಂದು ಬದಿ ಉಪಯೋಗಿಸಿದ ಹಳೇ ಕಾಗದ ತಂದು ತುರುಕಿದರು. ಟಪಾಲಕ್ಕ ನೆಲದ ಮೇಲೆಯೇ ಕೂತು ಒಂದೊಂದಕ್ಕೂ ಮುದ್ರೆ ಒತ್ತುತ್ತಿದ್ದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಇಷ್ಟು ಜನ! ಇವರೆಲ್ಲ ಇಷ್ಟು ದಿನ ಅಲ್ಲೇ ಇದ್ದರು, ಸದ್ದಿಲ್ಲದೆ, ಕತ್ತಲಲ್ಲಿ ಕೂತ ಸಭೆಯಂತೆ. ಅವರಲ್ಲಿ ಹೆಚ್ಚಿನವರ ಹೆಸರನ್ನು ಅವಳು ಆ ಪಟ್ಟಿಯಲ್ಲಿ ಒಂದು ಸಲವೂ ಕಂಡಿರಲಿಲ್ಲ.

ಹಾಗೆ ಒತ್ತುತ್ತ ಒಂದರ ಮೇಲೆ ಕೈ ನಿಂತಿತು. ಅದು ಒಂದು ಪದಕ್ಕಿಂತ ಉದ್ದವಿತ್ತು, ಮುರುಕು ಇಂಗ್ಲಿಷಿನಲ್ಲಿತ್ತು.

‘ತಲುಪಿತು. ನಾನು ಹೆಂಗಸು. ಈ ಪಟ್ಟಿಗೆ ಸೇರಿ ಬಹಳ ಕಾಲ. ಯಾವತ್ತೂ ಬರೆದಿಲ್ಲ, ನನ್ನ ಭಾಷೆ ಸರಿಯಿಲ್ಲ, ಓದಿ ನಗುತ್ತಾರೆ ಎಂಬ ಹೆದರಿಕೆ. ನೀವು ಒಂದು ಪದ ಸಾಕು ಎಂದಿರಿ. ಒಂದು ಪದ ನನಗೆ ಬರುತ್ತದೆ. ಬರೆದ ಮೇಲೆ ಇನ್ನೂ ನಾಲ್ಕು ಬರೆಯಬಹುದು ಎನ್ನಿಸಿತು. ನಾವು ಮನೆ ಬದಲಾಯಿಸಿದಾಗ ನನ್ನ ಯಂತ್ರಕ್ಕೂ ಇದೇ ಆಯಿತು. ಯಂತ್ರ ಕೆಟ್ಟಿಲ್ಲ. ಸೂಜಿಗೆ ನೂಲು ಕೊಡುವ ಕೈ ಇದೆಯಲ್ಲ, ಜೋಡಿಸುವಾಗ ಅದನ್ನು ದೂರ ಕೂರಿಸಿದ್ದಾರೆ. ಹಿಂದಕ್ಕೆ ತಿರುಗಿಸಿದಾಗ ಸೂಜಿಯ ತುದಿಯ ಪುಟ್ಟ ನಾಲಿಗೆ ಮುಚ್ಚಿಕೊಳ್ಳುತ್ತದೆ, ನೂಲು ಸಿಗುವುದಿಲ್ಲ. ಆ ಕೈಗೂ ಸೂಜಿಗೂ ನಡುವೆ ಒಂದು ಪೋಸ್ಟ್ ಕಾರ್ಡ್ ಇಡಿ. ಅದಕ್ಕೆ ಒತ್ತಿ ಸ್ಕ್ರೂ ಬಿಗಿ ಮಾಡಿ. ಕಾರ್ಡ್ ಎಳೆಯಿರಿ. ಅಷ್ಟು ಜಾಗ ಸಾಕು.’

ಟಪಾಲಕ್ಕ ಅದನ್ನು ಎರಡು ಸಲ ಓದಿದಳು. ಮೆಟ್ಟಿಲ ಕೆಳಗಿನ ಕೋಣೆಗೆ ಓಡಿದಳು, ಅವಸರದಲ್ಲಿ ತಲೆ ಬಗ್ಗಿಸುವುದು ಮರೆತು ಸೂರಿಗೆ ಬಡಿಸಿಕೊಂಡಳು, ಖಾನೆಯಿಂದ ಒಂದು ಖಾಲಿ ಪೋಸ್ಟ್ ಕಾರ್ಡ್ ಕಿತ್ತುಕೊಂಡು ಅರ್ಧ ದಿನದ ರಜೆ ಹೇಳಿ ಮನೆಗೆ ಹೊರಟಳು.

ತಂಗಿ ಮೊದಲು ಒಪ್ಪಲಿಲ್ಲ. “ಎಷ್ಟು ಸಲ ಅಂತ ನೋಡ್ಲಿ ಅಕ್ಕ, ಬಿಡು. ಇನ್ನು ಅದರ ಮುಖ ನೋಡೋಕೂ ಬೇಜಾರು.”

“ನನಗೋಸ್ಕರ ಒಂದೇ ಸಲ.”

ಬಟ್ಟೆ ತೆಗೆದರು. ಅಣ್ಣ ಬಿಗಿದ ಸ್ಕ್ರೂ ಸಡಿಲಿಸಿ, ನಡುವೆ ಕಾರ್ಡ್ ಇಟ್ಟು, ಒತ್ತಿ ಹಿಡಿದು, ಬಿಗಿ ಮಾಡಿ ಕಾರ್ಡ್ ಎಳೆದರು. ತಂಗಿ ನೂಲು ಪೋಣಿಸಿದಳು. ಹಿಡಿ ಮುಂದಕ್ಕೆ ಹೋಯಿತು. ಹಿಡಿ ಹಿಂದಕ್ಕೆ ಬಂತು. ಕುಣಿಕೆ ಜಾರಲಿಲ್ಲ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಸೂಜಿಗಳ ಕೆಳಗೆ ಪುಟ್ಟ ಬಟ್ಟಲಿನಂಥ ಹಿಮ್ಮಡಿ ಉಬ್ಬುತ್ತ ಬಂತು, ಒಂದೂ ತೂತಿಲ್ಲದೆ. ತಂಗಿ, ಹಿಡಿ ಬಿಟ್ಟರೆ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ ತಿರುಗಿಸುತ್ತಲೇ ಇದ್ದಳು, ಪೂರ್ತಿ ಒಂದು ಕಾಲುಚೀಲ ಇಳಿದು ಬೀಳುವವರೆಗೂ.

“ಯಾರು ಹೇಳಿದ್ದು?” ಎಂದಳು ಕೊನೆಗೆ.

“ಗೊತ್ತಿಲ್ಲ. ಒಬ್ಬಳು ಹೆಂಗಸು. ಯಾವ ಊರೋ ಏನೋ.”

“ಗೊತ್ತಿಲ್ದೇ ಇರೋರು ನನಗೋಸ್ಕರ ಯಾಕೆ ಹೇಳ್ತಾರೆ?”

ಟಪಾಲಕ್ಕನಿಗೂ ಅದೇ ಬೆರಗು.

ಭಾನುವಾರ ಅಣ್ಣ ಗುಜರಿಗೆಂದು ಗೋಣಿಚೀಲವನ್ನೂ ತಂಗಿಗೆಂದು ಆಟೋವನ್ನೂ ತಂದ. ತಂಗಿ ಅವನಿಗೆ ಒಂದು ಜೊತೆ ಕಾಲುಚೀಲ ಕೊಟ್ಟು, “ಮಕ್ಕಳ ಅಳತೆ ಕಳಿಸು, ಅವಕ್ಕೂ ಹಾಕ್ತೀನಿ. ಸ್ಕ್ರೂ ಡ್ರೈವರ್ ಮಾತ್ರ ಈ ಮನೆಗೆ ತರಬೇಡ” ಎಂದು ಕಳಿಸಿದಳು. ಆಟೋದಲ್ಲಿ ಅಣ್ಣನ ಜೊತೆ ಹೋದದ್ದು ಖಾಲಿ ಗೋಣಿಚೀಲ.

ಸೋಮವಾರ ಟಪಾಲಕ್ಕ ಕೆಲಸಕ್ಕೆ ಹೊರಡುವಾಗ ತಂಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬರ್ತೀನಿ. ತಲುಪಿತು ಅಂತ ನಾನೇ ಹೇಳ್ಬೇಕು.”

ಇಷ್ಟು ವರ್ಷದಲ್ಲಿ ಅವಳು ಅಕ್ಕನ ಕಚೇರಿ ನೋಡಿರಲಿಲ್ಲ. ಮೆಟ್ಟಿಲ ಕೆಳಗಿನ ಕೋಣೆಗೆ “ತಲೆ, ತಲೆ” ಎನ್ನಿಸಿಕೊಂಡು ಬಂದಳು, ಮುದ್ರೆಯ ಹಿಡಿ ಮುಟ್ಟಿ ನೋಡಿದಳು, ಆಮೇಲೆ ಒಂದೊಂದೇ ಮೆಟ್ಟಿಲು, ಅಕ್ಕನ ಹೆಗಲು ಹಿಡಿದು, ಮಹಡಿ ಹತ್ತಿದಳು. ಸ್ವೆಟರ್ ಮೇಷ್ಟ್ರು ಕುರ್ಚಿ ಬಿಟ್ಟುಕೊಟ್ಟರು. ಈ ಸಲ ವಿಳಾಸ ಪಟ್ಟಿಯದಲ್ಲ, ಆ ಹೆಂಗಸಿನದು ಮಾತ್ರ. ಅಕ್ಕ ಒಂದೊಂದು ಅಕ್ಷರ ತೋರಿಸಿದಳು, ತಂಗಿ ಹೆಣಿಗೆ ಯಂತ್ರದ ಹಿಡಿ ತಿರುಗಿಸಿ ತಿರುಗಿಸಿ ಗಟ್ಟಿಯಾದ ಬೆರಳಿನಿಂದ ಒತ್ತಿದಳು. ಪರದೆಯ ಮೇಲೆ ಆ ಒಂದು ಪದ ಹಸಿರಾಗಿ ನಿಂತಿತು. ಯಂತ್ರ ಫೋನ್ ಮಾಡಿ ಕೀ ಎಂದು ಕಿರುಚಿದಾಗ ತಂಗಿ ಬೆಚ್ಚಿ ಅಕ್ಕನ ಕೈ ಹಿಡಿದಳು.

“ಹೋಯ್ತಾ?”

“ಹೋಯ್ತು.”

“ಅವಳಿಗೆ ಸಿಕ್ತು ಅಂತ ನಮಗೆ ಹೇಗೆ ಗೊತ್ತಾಗತ್ತೆ?”

“ಹೇಳ್ತಾಳೆ” ಎಂದಳು ಟಪಾಲಕ್ಕ. ಈ ಮಾತನ್ನು ಅವಳು ಇಷ್ಟು ನಂಬಿಕೆಯಿಂದ ಯಾವತ್ತೂ ಆಡಿರಲಿಲ್ಲ.

“ಹಾಗಾದ್ರೆ ಇರೋಣ” ಎಂದು ತಂಗಿ ಸೋತ ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿ ಕೂತಳು. ಅಕ್ಕ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದಳು.